ಗಾಜಿಲ್ಲದ ಒಂದು ಚೌಕ

ಕೇಳಿ ಗೆಳೆಯರೇ, ಇವತ್ತು ಮೊಳಕಾಲ್ಮೂರಿನ ನಮ್ಮ ರೇಷ್ಮೆ ಸೀರೆ ಅಂಗಡಿಯ ಮುಂಭಾಗಕ್ಕೆ ಚೌಕ ಚೌಕವಾಗಿ ಗಾಜು ಕೂರಿಸಿದೆವು. ಬಳ್ಳಾರಿಯಿಂದ ಎತ್ತಿನ ಗಾಡಿಯಲ್ಲಿ ಹುಲ್ಲು ಸುತ್ತಿ ತಂದ ಗಾಜು. ಬಣ್ಣದ ಗಾಜಿನಲ್ಲಿ ಸೀರೆಯ ಬಣ್ಣವೇ ಬೇರೆ ಕಾಣುತ್ತದೆಂದು ತಿಳಿಗಾಜನ್ನೇ ಆರಿಸಿದ್ದೆ. ಧೂಳು ಒಳಗೆ ಬರಕೂಡದೆಂಬುದು ನನ್ನ ಹಟ.

ಅಷ್ಟರಲ್ಲಿ ಅವ್ವ ಬಂದಳು. ಕಣ್ಣು ಮಂಜಾದಾಗಿನಿಂದ ಅವಳು ತಾನು ನೇಯ್ದ ಸೀರೆಯ ಅಂಚನ್ನು ದಿನವೂ ಬೀದಿಯಿಂದಲೇ ಸವರಿ ಹೋಗುತ್ತಾಳೆ. ಇಂದು ಬೆರಳು ಗಾಜಿಗೆ ತಾಗಿತು.

“ಕಣ್ಣಿಗಂತೂ ಕಾಣಲ್ಲ, ಈಗ ಕೈಗೂ ಸಿಗಲ್ವೇನಪ್ಪಾ?”

“ಧೂಳು ಬರ್ತೈತಲ್ಲವ್ವಾ!”

“ನಾನೂ ಬರ್ತೀನಲ್ಲೋ.”

ಬಡಗಿಗೆ ಹೇಳಿ, ಅವಳ ಕೈಗೆಟುಕುವ ಒಂದು ಗಾಜನ್ನು ತೆಗೆಸಿದೆ. ಸಂಜೆ ನೋಡಿದರೆ, ಬಳ್ಳಾರಿಯ ಗಾಜಿನ ಮುಂದೆ ಯಾರೂ ಇಲ್ಲ. ಊರ ಹೆಂಗಸರೆಲ್ಲ ಸೀರೆ ಮುಟ್ಟಿ ನೋಡುತ್ತ ಗಾಜಿಲ್ಲದ ಚೌಕದ ಮುಂದೆ!