ಮೂವತ್ತೆರಡು ಪೆಟ್ಟಿಗೆ ಹೊತ್ತ ಗಾಡಿ

ಮೂರನೆಯ ಸಲ ಗಾಡಿ ನಿಂತಾಗ ಹೊತ್ತು ಮಾರುದ್ದ ಏರಿತ್ತು. ರಸ್ತೆಯ ಎರಡೂ ಬದಿಗೆ ಕಟಾವು ಮುಗಿದ ಬೋಳು ಹೊಲ. ಒಂದು ಮರವಿಲ್ಲ, ಒಂದು ಹೂವಿಲ್ಲ. ಹಳೆಯ ಡೀಸೆಲ್ ಪಿಕಪ್ಪಿನ ಬೆನ್ನ ಮೇಲೆ ಹಗ್ಗ ಬಿಗಿದ ಮೂವತ್ತೆರಡು ಜೇನುಪೆಟ್ಟಿಗೆಗಳು. ಒಂದೊಂದರ ಬಾಗಿಲಿಗೂ ತಂತಿಜಾಲರಿಯ ಪಟ್ಟಿ ಬಡಿದಿತ್ತು. ಗಾಡಿ ಓಡುತ್ತಿದ್ದರೆ ಜಾಲರಿಯೊಳಗೆ ಗಾಳಿಯಾಡುತ್ತದೆ. ನಿಂತ ಗಾಡಿಯಲ್ಲಿ, ಬಿಸಿಲಿನಲ್ಲಿ, ಹುಳುಗಳು ತಮ್ಮದೇ ಕಾವಿಗೆ ಬೆಂದು ಸಾಯುತ್ತವೆ.

ಇದನ್ನು ಜೇನಕ್ಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಲ್ಲರೂ ಅವಳನ್ನು ಕರೆಯುತ್ತಿದ್ದುದೇ ಹಾಗೆ. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಹುಳ ಕಿವಿಯ ಹತ್ತಿರ ಸುಳಿದರೂ ಕಿರುಚಿ ಊರನ್ನೇ ಒಂದು ಮಾಡುತ್ತಿದ್ದವಳು ಅವಳು. ಪೆಟ್ಟಿಗೆಗಳು ಗಂಡನವು. ಇಪ್ಪತ್ತು ವರ್ಷ ಬರಿಗೈಯಲ್ಲಿ ಜೇನು ಮುಟ್ಟಿದ ಆ ಮನುಷ್ಯನಿಗೆ ಒಂದು ದಿನ ಒಂದೇ ಒಂದು ಹುಳ ಕಚ್ಚಿ, ಗಂಟಲು ಬಾತು, ಹೋದ ಜೀವ ಆಸ್ಪತ್ರೆಯಲ್ಲಿ ಮರಳಿತು. ಇನ್ನೊಂದು ಸಲ ಕಚ್ಚಿದರೆ ಉಳಿಸುವುದು ಕಷ್ಟ ಎಂದರು ಡಾಕ್ಟರು. ಅಂದಿನಿಂದ ಆರು ವರ್ಷ, ಅವನು ಕೋಣೆಯಲ್ಲಿ ಕೂತು ಪೆಟ್ಟಿಗೆಯ ಚೌಕಟ್ಟಿಗೆ ತಂತಿ ಬಿಗಿಯುತ್ತಾನೆ. ಅವಳು ಹೂವಿರುವ ಕಡೆಗೆಲ್ಲ ಪೆಟ್ಟಿಗೆ ಹೇರಿಕೊಂಡು ತಿರುಗುತ್ತಾಳೆ. ಗಾಡಿ ಓಡಿಸುವವನು ಮೈದುನ. ಇವತ್ತು ತಲುಪಬೇಕಿದ್ದುದು ಇನ್ನೂ ಎಂಟು ಮೈಲಿ ಆಚೆಯ ಸೂರ್ಯಕಾಂತಿ ಹೊಲವನ್ನು.

ಮೊದಲ ಸಲ ನಿಂತಾಗ ಮೈದುನ, “ಪೈಪಲ್ಲಿ ಗಾಳಿ ಹಿಡಿದಿದೆ,” ಎಂದಿದ್ದ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ ಒತ್ತಿ, ನೊರೆ ಹೋಗಿ ಡೀಸೆಲ್ ತಿಳಿಯಾಗಿ ಉಕ್ಕಿದ ಮೇಲೆ ಬಿಗಿ ಮಾಡಿದ. ಗಾಡಿ ಒಂದು ಮೈಲಿ ಓಡಿತು. ಎರಡನೆಯ ಸಲ ಪೈಪಿನ ಕ್ಲಿಪ್ಪುಗಳನ್ನೆಲ್ಲ ಬಿಗಿದ. ಅರ್ಧ ಮೈಲಿ ಓಡಿತು. ಈಗ ಫಿಲ್ಟರನ್ನೇ ಬಿಚ್ಚಿ ಕೈಯಲ್ಲಿ ಹಿಡಿದಿದ್ದ. ತಳದಲ್ಲಿ ಕಂದು ಬಣ್ಣದ ಅಂಟು. ಬೆರಳಿಗೆ ಹಚ್ಚಿ ಮೂಸಿದ, ನಾಲಗೆಗೆ ತಾಕಿಸಿದ, ಥೂ ಎಂದು ಉಗಿದು ಅವಳ ಮುಖ ನೋಡಿದ.

“ಸಿಹಿಯಾಗಿದೆ, ಅತ್ತಿಗೆ.”

“ಏನಂದೆ?”

“ಸಕ್ಕರೆ ಪಾಕ. ನಿನ್ನೆ ಡೀಸೆಲ್ ಯಾವ ಕ್ಯಾನಲ್ಲಿ ತಂದ್ರಿ?”

ಜೇನಕ್ಕನಿಗೆ ನೆನಪಾಯಿತು. ಹೂವಿಲ್ಲದ ದಿನಗಳಲ್ಲಿ ಹುಳುಗಳಿಗೆ ಉಣಿಸಲೆಂದು ಪಾಕ ತುಂಬಿಡುವ ನೀಲಿ ಕ್ಯಾನು. ಅಲ್ಲಾಡಿಸಿ ನೋಡಿದ್ದಳು; ತಳಕ್ಕೆ ಅಂಟಿದ್ದ ಪಾಕ ಸದ್ದು ಮಾಡಿರಲಿಲ್ಲ. ಖಾಲಿ ಎಂದುಕೊಂಡು ಡೀಸೆಲ್ ತುಂಬಿಸಿ ತಂದಿದ್ದಳು. ಒಂದು ಹನಿಯೂ ಹಾಳಾಗಬಾರದೆಂದು ಅದನ್ನು ಬೋರಲು ಹಿಡಿದು, ತಳ ತಟ್ಟಿ ತಟ್ಟಿ ಟ್ಯಾಂಕಿಗೆ ಸುರಿದಿದ್ದಳು.

“ನಾನೇ ಕಣೋ,” ಎಂದಳು.

“ಹುಳಕ್ಕೆ ಉಣಿಸಿ ಉಣಿಸಿ ನಿಮಗೆ ಅಭ್ಯಾಸ ಆಗ್ಬಿಟ್ಟಿದೆ. ಇದೂ ನಾಲ್ಕು ಚಕ್ರದ ಹುಳ ಅಂದ್ಕೊಂಡ್ರಾ?” ನಗಿಸಲೆಂದೇ ಹೇಳಿದ. ಅವಳು ನಗಲಿಲ್ಲ; ಅವನಿಗೂ ನಗು ಬರಲಿಲ್ಲ.

“ತೊಳೆಯೋಕಾಗಲ್ವಾ?”

“ಟ್ಯಾಂಕ್ ಇಳಿಸ್ಬೇಕು. ಈ ಬಟಾಬಯಲಲ್ಲಿ ಏನು ಇಳಿಸ್ಲಿ, ನನ್ನ ತಲೆ?” ಎಂದವನು ಬಾನೆಟ್ಟಿನೊಳಗೆ ಬಗ್ಗಿ ನೋಡಿ, “ಟ್ಯಾಂಕ್ ಬಿಟ್ಟು ಬೇರೆ ಕಡೆಯಿಂದ ಡೀಸೆಲ್ ಕೊಟ್ಟು ನೋಡ್ತೀನಿ. ಹತ್ತು ನಿಮಿಷ,” ಎಂದ.

ಹೋದ ತಿಂಗಳು ತೆಗೆದು ಎಸೆಯದೆ ಸೀಟಿನಡಿ ಇಟ್ಟಿದ್ದ ಹಳೆಯ ಫಿಲ್ಟರು ಸಿಕ್ಕಿತು. ಡೀಸೆಲ್ ಬೇಡಲು ಯಾರೂ ಇರಲಿಲ್ಲ. ಹತ್ತು ನಿಮಿಷ ಮುಕ್ಕಾಲು ಗಂಟೆಯಾಯಿತು. ಜೇನಕ್ಕ ಗೋಣಿತಾಟು ನೆನೆಸಿ ಪೆಟ್ಟಿಗೆಗಳ ಮೇಲೆ ಹೊದಿಸಿದಳು. ಕುಡಿಯುವ ನೀರೂ ಮುಗಿಯಿತು, ತಾಟು ಒಣಗಿತು. ಬೆಳಿಗ್ಗೆ ಮೆಲ್ಲಗಿದ್ದ ಗುಂಯ್‌ಗುಟ್ಟುವಿಕೆ ಈಗ ಅಬ್ಬರವಾಗಿತ್ತು. ಜಾಲರಿಯ ಕಣ್ಣುಕಣ್ಣಿಗೂ ಹುಳುಗಳು ಮುಖ ಒತ್ತಿದ್ದವು. ಕೊನೆಗೊಬ್ಬ ಟ್ರ್ಯಾಕ್ಟರಿನವನು ನಿಲ್ಲಿಸಿ ಡಬ್ಬವೊಂದರಲ್ಲಿ ಎರಡು ಲೀಟರ್ ಡೀಸೆಲ್ ಕೊಟ್ಟು ಹೋದ. ಮೈದುನ ಆ ಡಬ್ಬವನ್ನು ಬಾನೆಟ್ಟಿಗೆ ನೇತುಹಾಕಿ ಪೈಪು ಜೋಡಿಸತೊಡಗಿದ.

ಅವಳು ಗಂಡನಿಗೆ ಫೋನು ಮಾಡಿದಳು. “ರೀ, ಗಾಡಿ ಕೆಟ್ಟು...”

“ಆ ಕಥೆ ಆಮೇಲೆ. ಫೋನ್ ಪೆಟ್ಟಿಗೆ ಹತ್ರ ಹಿಡಿ.”

ಹಿಡಿದಳು. ಮತ್ತೆ ಕಿವಿಗಿಟ್ಟಾಗ ಅವನ ದನಿ ಸಣ್ಣಗಾಗಿತ್ತು. “ಬಾಗಿಲು ತೆಗಿ.”

“ಹೊರಗೆ ಬಂದ್ರೆ ಈ ಜಾಗಾನೇ ಮನೆ ಅಂದ್ಕೊಳ್ತಾವೆ. ಕತ್ತಲಾಗಿ ಎಲ್ಲ ಒಳಗೆ ಸೇರೋವರೆಗೂ ಗಾಡಿ ಅಲ್ಲಾಡಿಸೋ ಹಾಗಿಲ್ಲ. ಅವನು ಇನ್ನೇನು ಸರಿ ಮಾಡ್ತಾನೆ...”

“ಇನ್ನೂ ಕಾದ್ರೆ ಹೊರಗೆ ಬರೋಕೆ ಯಾರೂ ಉಳಿದಿರಲ್ಲ. ತೆಗಿ ಮಾರಾಯ್ತಿ.”

ತೆಗೆದಳು. ಉಳಿ ತೂರಿಸಿ ಮೀಟಿದರೆ ಒಂದೊಂದು ಪಟ್ಟಿಯ ಹಿಂದೆಯೂ ಹುಳುಗಳು ಉಕ್ಕಿ ಬಂದವು. ನಾಲ್ಕು ಪೆಟ್ಟಿಗೆಗಳಿಂದ ಒಂದೂ ಹಾರಿ ಬರಲಿಲ್ಲ. ಒದ್ದೆಯಾಗಿ, ಕಪ್ಪಗೆ, ಬಾಗಿಲಲ್ಲೇ ರಾಶಿಬಿದ್ದವು. ಕಡೆಯ ಪೆಟ್ಟಿಗೆಯ ಪಟ್ಟಿ ಕೈಗೆ ಬರುವಷ್ಟರಲ್ಲಿ ಗಾಡಿ ಗಡಗಡ ನಡುಗಿ, ಕರಿಹೊಗೆ ಕಾರಿ, ಸ್ಟಾರ್ಟ್ ಆಯಿತು.

“ಹತ್ತಿ ಅತ್ತಿಗೆ, ಹೊರಡೋಣ!” ಮೈದುನ ಕೂಗಿದ.

“ಹೊರಗೆ ಹೋದವನ್ನ ಯಾರು ಕರ್ಕೊಂಡು ಬರ್ತಾರೋ?”

ಅವನು ಆಗಷ್ಟೇ ಹಿಂದಕ್ಕೆ ಬಂದು ನೋಡಿದ. ದನಿ ಇಳಿಯಿತು. “ಅರ್ಧಾನಾದ್ರೂ ಉಳೀತಾವಲ್ಲ. ಡಬ್ಬದಲ್ಲಿರೋದು ಎರಡೇ ಲೀಟರ್, ಹೀಗೇ ಬಿಟ್ರೆ ಸುಮ್ಮನೆ ಸುಡುತ್ತೆ. ಆರಿಸಿದ್ರೆ ಮತ್ತೆ ಹತ್ತುತ್ತೆ ಅಂತ ನಾನು ಹೇಳಲಾರೆ.”

ಜೇನಕ್ಕ ತಲೆಯೆತ್ತಿದಳು. ಹುಳುಗಳು ಪೆಟ್ಟಿಗೆಯ ಕಡೆಗೆ ಮುಖ ಮಾಡಿ, ಹಿಂದುಹಿಂದಕ್ಕೆ ತೂಗಾಡಿ ಹಾರುತ್ತ, ತಮ್ಮ ಮನೆಯ ಗುರುತು ಹಾಕಿಕೊಳ್ಳುತ್ತಿದ್ದವು: ಈ ಡಾಂಬರು, ಈ ಬೋಳು ಹೊಲ, ಈ ಗಾಡಿ.

“ಆರಿಸು,” ಎಂದಳು.

ಅವನು ಇನ್ನೊಮ್ಮೆ ಅವಳ ಮುಖ ನೋಡಿ, ಮುಂದೆ ಹೋಗಿ ಗಾಡಿ ಆರಿಸುವ ಗುಬಟು ಎಳೆದ. ಎಂಜಿನ್ ಒದರಿಕೊಂಡು ನಿಂತಿತು. ಕತ್ತಲಾಗಲು ಇನ್ನೂ ಎಂಟು ಗಂಟೆಯಿತ್ತು.