ಕುರ್ಚಿ ಮೇಷ್ಟ್ರು ತಿದ್ದಿಕೊಂಡ ಪ್ರಶ್ನೆ

ಔಷಧಶಾಸ್ತ್ರವೆಂದರೆ ಉದ್ದುದ್ದ ಹೆಸರುಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯ ಮರುದಿನವೇ ಮರೆಯುವ ವಿಷಯವೆಂದು ನಂಬಿ ಬಂದವರಿಗೆ, ಅದು ಮನುಷ್ಯರ ಮೈಯೊಳಗೆ ನಡೆಯುವ ದಿನನಿತ್ಯದ ವ್ಯವಹಾರವೆಂದು ಮೂವತ್ತನಾಲ್ಕು ವರ್ಷ ತಾಳ್ಮೆಯಿಂದ ತಿಳಿಹೇಳಿದ ನಮ್ಮ ವಿಭಾಗದ ಮುಖ್ಯಸ್ಥರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಈ ಕ್ಷೇತ್ರದಲ್ಲಿ ಅವರಿಗಿಂತ ಹೆಚ್ಚು ಬರೆದವರು ಇದ್ದಾರು. ಅವರಿಗಿಂತ ಚೆನ್ನಾಗಿ ಪಾಠ ಹೇಳಿದವರನ್ನು ನಾವಂತೂ ಕಾಣೆವು.

ಜ್ವರದ ಮಾತ್ರೆ ಜ್ವರವನ್ನು ಇಳಿಸುತ್ತದೆಯೇ ಹೊರತು ಅದನ್ನು ತಂದ ರೋಗಾಣುವಿನ ಗೊಡವೆಗೆ ಹೋಗುವುದಿಲ್ಲ, ಆ ಕೆಲಸ ಆ್ಯಂಟಿಬಯಾಟಿಕ್‌ನದು. ನೀರಿನ ಮಾತ್ರೆ ಮೂತ್ರಪಿಂಡದಿಂದ ಉಪ್ಪನ್ನು ಹೊರಗೆ ಕಳಿಸಿ, ಅದರ ಬೆನ್ನಿಗೇ ನೀರನ್ನೂ ಸಾಗಹಾಕಿ ರಕ್ತದೊತ್ತಡ ತಗ್ಗಿಸುತ್ತದೆ. ಹೀಗೆ ಸಾಗುತ್ತಿತ್ತು ಅವರ ಪಾಠ. ಬೀಟಾ ಬ್ಲಾಕರ್ ಎಂಬ ಹೃದಯದ ಔಷಧದ ಪಾಠದ ದಿನ ಮಾತ್ರ ತಮ್ಮ ಕುರ್ಚಿಯನ್ನು ತರಗತಿಯ ನಡುವೆ ಎಳೆದುತಂದು ಕೂತುಬಿಡುತ್ತಿದ್ದರು.

“ಇದು ಜೀವಕೋಶದ ಮೇಲಿನ ಕುರ್ಚಿ ಅನ್ಕೊಳ್ಳಿ. ಅಡ್ರಿನಲಿನ್ ಬಂದು ಇದರಲ್ಲಿ ಕೂತ್ರೆ ಹೃದಯ ಓಡುತ್ತೆ, ಶ್ವಾಸನಾಳ ಅಗಲ ಆಗುತ್ತೆ. ಈ ಔಷಧ ಏನ್ಮಾಡುತ್ತೆ ಗೊತ್ತಾ? ಮೊದಲೇ ಬಂದು ಕೂತ್ಕೊಳ್ಳುತ್ತೆ. ತಾನೂ ಕೆಲಸ ಮಾಡಲ್ಲ, ಬಂದವರಿಗೂ ಜಾಗ ಬಿಡಲ್ಲ. ನಮ್ಮ ಆಫೀಸಲ್ಲೂ ಇಂಥವರಿದ್ದಾರೆ, ಹೆಸರು ಹೇಳಲ್ಲ!”

ನಗು ಇಳಿದ ಮೇಲೆ ದನಿ ತಗ್ಗಿಸಿ, ಓಡುವ ಹೃದಯಕ್ಕೆ ಇದು ವಿಶ್ರಾಂತಿಯಾದರೂ ಉಬ್ಬಸದವರಿಗೆ ಉಸಿರೇ ಕಟ್ಟೀತು ಎಂದು ಎಚ್ಚರಿಸುತ್ತಿದ್ದರು. ‘ಕುರ್ಚಿ ಮೇಷ್ಟ್ರು’ ಎಂಬ ಅಡ್ಡಹೆಸರು ಬಿದ್ದದ್ದು ಹಾಗೆ. ಅದು ಅವರ ಕಿವಿಗೂ ಬಿದ್ದಿತ್ತು, ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ.

ಆ ಪಾಠವನ್ನು ಮುಂದಿನ ಬೆಂಚಿನಲ್ಲಿ ಕೂತು ಕೇಳಿದ ವಿದ್ಯಾರ್ಥಿನಿಯೊಬ್ಬರು ಮುಂದೆ ಇದೇ ವಿಭಾಗದ ಉಪನ್ಯಾಸಕಿಯಾದರು. ಹನ್ನೊಂದು ವರ್ಷದ ಹಿಂದೆ ಆಕೆಯ ತಾಯಿಗೆ ಹಳೆಯ ಉಬ್ಬಸ ಇದ್ದಕ್ಕಿದ್ದಂತೆ ಕೆರಳಿತು. ಇನ್‌ಹೇಲರ್ ಎಷ್ಟು ಸಲ ಎಳೆದುಕೊಂಡರೂ ಎದೆ ಸಡಿಲವಾಗುತ್ತಿರಲಿಲ್ಲ. ಮೇಷ್ಟ್ರು ಕಲಿಸಿದಂತೆ ಆಕೆ ಮೊದಲು ಕೇಳಿದ ಪ್ರಶ್ನೆ, “ಅಮ್ಮ, ಹೊಸದಾಗಿ ಯಾವ ಮಾತ್ರೆ ತಗೋತಿದ್ದೀಯ?” ತಾಯಿ ಹೇಳಿದರು, “ಯಾವ ಮಾತ್ರೇನೂ ಇಲ್ವಲ್ಲೇ.” ಅದು ಸತ್ಯವೇ ಆಗಿತ್ತು.

ಒಂಬತ್ತನೆಯ ದಿನ ನಿದ್ದೆಗೆಟ್ಟ ಕಣ್ಣುಗಳೊಂದಿಗೆ ವಿಭಾಗಕ್ಕೆ ಬಂದ ಆಕೆಯನ್ನು ಮೇಷ್ಟ್ರು ಎದುರಿಗೆ ಕೂರಿಸಿಕೊಂಡರು.

“ಮಾತ್ರೆ ಬಿಡಮ್ಮ. ಬೆಳಿಗ್ಗೆ ಎದ್ದಾಗಿಂದ ಮಲಗೋವರೆಗೆ ಅಮ್ಮ ಮೈಗೆ ಏನೇನು ಹಾಕ್ಕೋತಾರೆ, ಒಂದೊಂದೇ ಹೇಳು.”

“ಮಂಡಿಗೆ ಮುಲಾಮು, ಸರ್. ಎರಡು ವಾರದಿಂದ ಕಣ್ಣಿಗೆ ಡ್ರಾಪ್ಸ್, ಕಣ್ಣೊತ್ತಡಕ್ಕೆ ಅಂತ...” ಆಕೆಯ ಮಾತು ಅಲ್ಲೇ ನಿಂತಿತು. ಆ ಹನಿಯೂ ಬೀಟಾ ಬ್ಲಾಕರ್. ಕಣ್ಣಿನಿಂದ ಮೂಗಿನೊಳಕ್ಕೆ ಜಾರಿ ರಕ್ತ ಸೇರಿ, ಇನ್‌ಹೇಲರ್‌ನ ಔಷಧ ಕೂರಬೇಕಾದ ಜಾಗದಲ್ಲೆಲ್ಲ ಅದು ಕೂತಿತ್ತು. ಕಣ್ಣಿಗೂ ಉಸಿರಿಗೂ ಏನು ಸಂಬಂಧವೆಂದು ತಾಯಿ ಕಣ್ಣಿನ ವೈದ್ಯರಿಗೆ ಉಬ್ಬಸದ ಸುದ್ದಿಯನ್ನೇ ಎತ್ತಿರಲಿಲ್ಲ.

ಮೇಷ್ಟ್ರು ತಾವೇ ಆ ವೈದ್ಯರಿಗೆ ಫೋನು ಮಾಡಿ ಹನಿ ಬದಲಿಸುವಂತೆ ಮಾಡಿದರು, ತಾಯಿಯನ್ನು ಸೇರಿಸಿದ್ದ ಆಸ್ಪತ್ರೆಗೂ ಆಕೆಯೊಂದಿಗೆ ನಡೆದರು. ನಾಲ್ಕು ದಿನದಲ್ಲಿ ತಾಯಿ ಚೇತರಿಸಿಕೊಂಡರು; ಮಗಳು ಚೇತರಿಸಿಕೊಳ್ಳಲಿಲ್ಲ. ಹೆತ್ತ ತಾಯಿಯ ಔಷಧವನ್ನೇ ಗುರುತಿಸಲಾರದವಳು ಊರಿಗೆಲ್ಲ ಏನು ಪಾಠ ಹೇಳಿಯಾಳು ಎಂದು ರಾಜೀನಾಮೆ ಬರೆದು ತಂದರು.

ಮೇಷ್ಟ್ರು ಓದಿ, ಮಡಚಿ, ಮೇಜಿನ ಮೇಲಿಟ್ಟರು. “ಮಾತ್ರೆ ಏನೇನು ಅಂತ ಕೇಳೋದನ್ನ ಕಲಿಸಿದ್ದು ನಾನು. ತಪ್ಪು ಪ್ರಶ್ನೆ ನಂದು, ರಾಜೀನಾಮೆ ನೀನು ಕೊಟ್ರೆ ಹೇಗೆ? ಬಾ ತರಗತಿಗೆ.” ಅರವತ್ತು ವಿದ್ಯಾರ್ಥಿಗಳ ಮುಂದೆ ನಿಂತು ಇಪ್ಪತ್ತಮೂರು ವರ್ಷ ತಾವು ತಪ್ಪು ಪ್ರಶ್ನೆ ಕಲಿಸಿದ್ದಾಗಿ ಒಪ್ಪಿಕೊಂಡರು. ಉಳಿದ ಪಾಠವನ್ನು ಆಕೆಗೆ ಬಿಟ್ಟು ಹಿಂದಿನ ಬೆಂಚಿಗೆ ಹೋಗಿ, ಪುಸ್ತಕ ತೆರೆದು ಬರೆದುಕೊಳ್ಳತೊಡಗಿದರು. ನಡುಗುವ ದನಿಯಲ್ಲಿ ಶುರುವಾದ ಆ ಪಾಠ ಗಂಟೆ ಹೊಡೆದರೂ ಮುಗಿಯಲಿಲ್ಲ. ಇಂಥ ಹಿರಿಯರು ಸಿಕ್ಕಿದ್ದು ಆಕೆಯ ಪುಣ್ಯ, ನಮ್ಮೆಲ್ಲರ ಪುಣ್ಯ.

ಕಳೆದ ವಾರ ಕೊಠಡಿ ಖಾಲಿ ಮಾಡುತ್ತಿದ್ದ ಮೇಷ್ಟ್ರು ಆಕೆಯ ಕೈಗೆ ಒಂದು ಹಾಳೆ ಕೊಟ್ಟರು. ಮೂರು ಮಾತ್ರೆ, ಒಂದು ಮುಲಾಮು, ರಾತ್ರಿಯ ಕಣ್ಣಿನ ಹನಿ, ಎಲ್ಲವೂ ಅವರದೇ.

“ವಯಸ್ಸಾಯ್ತಮ್ಮ. ಇನ್ನು ನನ್ನ ಔಷಧ ಎಲ್ಲ ನೀನೇ ನೋಡ್ಕೋಬೇಕು. ಬೇರೆಯವರ ಮೇಲೆ ನಂಗೆ ನಂಬಿಕೆ ಇಲ್ಲ.”

ಆಕೆ ಹಾಳೆಯನ್ನು ಎರಡು ಸಲ ಓದಿ, ಅಲ್ಲೇ ನಿಂತು ಮೂರು ಪ್ರಶ್ನೆ ಕೇಳಿದರು. ಮೇಷ್ಟ್ರು ಮೂರಕ್ಕೂ ವಿಧೇಯರಾಗಿ ಉತ್ತರಿಸಿದರು. ಅವರು ಬರೆಯದೆ ಉಳಿದ ಪಠ್ಯಪುಸ್ತಕ ಬರೆದು ಮುಗಿಸಲಿ, ನೂರು ವರ್ಷ ಬಾಳಲಿ ಎಂದು ವಿಭಾಗವೆಲ್ಲ ಹಾರೈಸುತ್ತದೆ. ನಮಗೆ ಅದು ಹಾರೈಕೆ. ಆಕೆಗೆ ಇನ್ನು ಮೇಲೆ ಅದೇ ಕೆಲಸ.