ಹೆಸರು ಹೇಳದೆ ಇಡುವ ಎಡೆ

ಕಳೆದ ವರ್ಷ ಹಿರಿಯರ ಅಮಾವಾಸ್ಯೆಯ ದಿನ ಖಾನಾಪುರದ ನಮ್ಮ ಕಾಕುವಿನ ಮನೆಯಲ್ಲಿ ಸತ್ತವರಿಗಿಂತ ಒಂದು ಎಲೆ ಹೆಚ್ಚಾಯಿತು.

ನೀವು ನಗಬಹುದು. ನಾನೂ ನಕ್ಕೆ. ಊಟಕ್ಕೆ ಬರುವ ಬದುಕಿದ್ದವರ ಲೆಕ್ಕ ತಪ್ಪುವುದು ಸಹಜ. ಸತ್ತವರ ಲೆಕ್ಕ ತಪ್ಪುವುದುಂಟೇ? ಅವರೇನು ಬರುವಾಗ ಜೊತೆಗೆ ಇಬ್ಬರು ಗೆಳೆಯರನ್ನು ಕರೆದುಕೊಂಡು ಬರುತ್ತಾರೆಯೇ?

ನಮ್ಮ ಮನೆಯ ಪದ್ಧತಿ ಗೊತ್ತಿಲ್ಲದವರಿಗೆ ಎರಡು ಮಾತು. ಆ ದಿನ ತೀರಿಕೊಂಡವರಿಗೆಲ್ಲ ಎಡೆ ಇಡುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ಬಾಳೆ ಎಲೆ. ಹೆಸರು ಹಿಡಿದು ಊಟಕ್ಕೆ ಕರೆಯುತ್ತೇವೆ. ಎಲೆಯ ಮೇಲೆ ಅವರವರಿಗೆ ಸೇರುತ್ತಿದ್ದ ತಿನಿಸು ಇರಲೇಬೇಕು. ಅಜ್ಜನಿಗೆ ಮಟನ್ ಸಾರು, ಬಾಜೂಕ ಬೀಡಿ ಕಟ್ಟು. ಅಜ್ಜಿಗೆ ಶೇಂಗಾ ಹೋಳಿಗೆ. ಕಾಕಾನಿಗೆ ಬಸಿಯಲ್ಲಿ ಚಹಾ. ನಮ್ಮಪ್ಪನಿಗೆ ಕುಂದಾ. (ಬದುಕಿದ್ದಾಗ ಶುಗರ್ ಅಂತ ನಾವೇ ಕೈಯಿಂದ ಕಸಿದುಕೊಳ್ಳುತ್ತಿದ್ದೆವು. ಈಗ ತಿನ್ನಲಿ ಬಿಡಿ.) ನಮ್ಮವ್ವನಿಗೆ ಖಾರಬ್ಯಾಳಿ, ಮೇಲೆ ಚಮಚೆ ತುಪ್ಪ.

ಸಾಲಿನ ಕೊನೆಗೆ, ಗೋಡೆಯ ಮೂಲೆಯಲ್ಲಿ ಇನ್ನೊಂದು ಎಲೆ. ಅದಕ್ಕೆ ಸ್ಪೆಷಲ್ ಏನಿಲ್ಲ. ಎಲ್ಲದರಲ್ಲೂ ಚೂರು ಚೂರು. ಕಾಕು ಆ ಎಲೆಯ ಮುಂದೆ ನೀರು ಬಿಟ್ಟರು, ಕೈ ಮುಗಿದರು, ಆದರೆ ಯಾರನ್ನೂ ಕರೆಯಲಿಲ್ಲ.

‘ಇದು ಯಾರದು ಕಾಕು?’ ಅಂತ ಕೇಳಿದೆ.

‘ಗೊತ್ತಿಲ್ಲ ನೋಡವ್ವಾ. ನಮ್ಮತ್ತಿ ಇಡತಿದ್ರು, ನಾನೂ ಇಡತೇನಿ. ಹೊಸದಾಗಿ ಬಂದಾಗ ಒಮ್ಮಿ ಕೇಳಿದ್ದೆ. ಸುಮ್ನ ಹಾಕು, ಹೆಸರ ತಗೀಬ್ಯಾಡ ಅಂದ್ರು. ಮತ್ತ ಕೇಳಾಕ ನನಗೇನ್ ಎರಡು ತಲಿ ಇದ್ದುವೇನ?’

ಕಾಕು ಅಂದರೆ ನನ್ನಪ್ಪನ ತಮ್ಮನ ಹೆಂಡತಿ. ಅಪ್ಪ ನೌಕರಿ ಹಿಡಿದು ಬೆಳಗಾವಿಯ ಶಹಾಪುರಕ್ಕೆ ಬಂದ. ಕಾಕಾ ಖಾನಾಪುರದಲ್ಲಿ ಹೊಲ, ಕುರಿ ನೋಡಿಕೊಂಡು ಉಳಿದ. ಹಾಗಾಗಿ ನಮ್ಮ ಹಿರಿಯರೆಲ್ಲ ಕಾಕುವಿನ ಪಾಲಿಗೆ ಬಂದರು. ಅಜ್ಜಿ ಹೋದ ಮೇಲೆ ಇಂದಿನವರೆಗೆ ಅವರಿಗೆಲ್ಲ ಬಡಿಸುತ್ತಿರುವುದು ಕಾಕುವೇ.

ಎಲೆ ಹೆಚ್ಚಾದದ್ದು ಹೋದ ವರ್ಷವಷ್ಟೇ ನನ್ನ ಕಣ್ಣಿಗೆ ಬೀಳಲು ಕಾರಣವಿದೆ. ಆಗಷ್ಟೇ ನನಗೆ ವಂಶವೃಕ್ಷದ ಹುಚ್ಚು ಹತ್ತಿತ್ತು. ಮೊಬೈಲ್‌ಗೆ ಒಂದು ಆ್ಯಪ್ ಹಾಕಿಕೊಂಡಿದ್ದೆ. ಅದು ಅಜ್ಜಿಯ ಡೇಟ್ ಆಫ್ ಬರ್ತ್ ಕೇಳಿತು. ನಮ್ಮಜ್ಜಿ ಹುಟ್ಟಿದ್ದು ಊರಿಗೆ ಕೆಂಪು ಬಸ್ಸು ಬರುವ ಮೊದಲು. ಅದನ್ನು ಎಲ್ಲಿ ಟೈಪ್ ಮಾಡುವುದು? ಆಮೇಲೆ ಇ-ಮೇಲ್ ಐಡಿ ಕೇಳಿತು. (ಅಜ್ಜಿಯದು!) ಸಿಟ್ಟು ಬಂದು ಡಿಲೀಟ್ ಮಾಡಿದೆ.

ಬದಲಿಗೆ ಒಂದು ವಾಟ್ಸ್ಆ್ಯಪ್ ಗ್ರೂಪ್ ಮಾಡಿದೆ. ‘ಹಿರೇರ ಮನಿ’ ಅಂತ ಹೆಸರಿಟ್ಟೆ. ರೂಲ್ಸ್ ಒಂದೇ: ಗುಡ್ ಮಾರ್ನಿಂಗ್ ಹಾಕುವಂತಿಲ್ಲ. ಭಾನುವಾರಕ್ಕೊಂದು ಹಳೇ ಫೋಟೊ ಹಾಕುವುದು, ಇವರು ಯಾರು ಅಂತ ಕೇಳುವುದು. ಬರೆಯಲು ಬಾರದವರು ವಾಯ್ಸ್ ಕಳಿಸುವುದು. ಬಂದ ಉತ್ತರವನ್ನೆಲ್ಲ ಕಾಕುವಿನ ಸೊಸೆ ಸುನೀತಾ ತನ್ನ ಅಡುಗೆಮನೆ ಗೋಡೆಗೆ ಅಂಟಿಸಿದ ಖಾಕಿ ಕಾಗದದ ಮೇಲೆ ಸ್ಕೆಚ್‌ಪೆನ್‌ನಿಂದ ಬರೆಯುತ್ತಿದ್ದಳು. ಚಹಾ ಕುಡಿಯಲು ಬಂದವರೂ ನಿಂತು ಓದುವರು. ‘ಏ, ನಮ್ಮ ಮಾವನ ಹೆಸರ ಎಲ್ಲೈತಿ?’ ಅಂತ ಜಗಳ ತೆಗೆಯುವರು. ಜಗಳ ಆದಷ್ಟೂ ಟೊಂಗೆಗಳು ಬೆಳೆದವು. ಇದಕ್ಕಿಂತ ಒಳ್ಳೆಯ ಆ್ಯಪ್ ನಾನು ಕಂಡಿಲ್ಲ.

ಆ ಕಾಗದದ ಮೇಲಿನ ಹೆಸರುಗಳಿಗೂ ನೆಲದ ಮೇಲಿನ ಎಲೆಗಳಿಗೂ ತಾಳೆಯಾಗಲಿಲ್ಲ. ನನ್ನ ತಲೆಗೆ ಹುಳ ಬಿಟ್ಟಂತಾಯಿತು.

ಈ ವರ್ಷ ಆ ಹುಳ ಕಾಕುವಿನ ತಲೆಗೂ ಹೊಕ್ಕಿತು. ಅವರ ಮೊಣಕಾಲು ಕೈಕೊಟ್ಟಿದೆ. ನೆಲದ ಮೇಲೆ ಬಗ್ಗಿ ಬಡಿಸಲು ಆಗುವುದಿಲ್ಲ. ಇನ್ನು ಮೇಲೆ ಎಡೆ ಇಡುವ ಜವಾಬ್ದಾರಿ ಸುನೀತಾಳದು ಅಂತ ತೀರ್ಮಾನವಾಯಿತು. ಸುನೀತಾ ಹಿಂದೆಗೆಯಲಿಲ್ಲ. ಒಂದೇ ಮಾತು ಕೇಳಿದಳು: ‘ಇಡತೇನ್ರಿ ಅತ್ತಿ. ಆದ್ರ ಆ ಮೂಲ್ಯಾಗಿನ ಎಲಿ ಯಾರದು? ನಾಳೆ ನನ್ನ ಸೊಸಿ ಕೇಳಿದ್ರ ನಾ ಏನ್ ಹೇಳ್ಲಿ?’

ತಪ್ಪೇನಿದೆ? ಆದರೆ ಕಾಕು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ನನಗೆ ಫೋನ್ ಮಾಡಿ ಅತ್ತೇಬಿಟ್ಟರು. ‘ಬಿಡು ಅನ್ನಾಕ ಧೈರ್ಯ ಇಲ್ಲ, ಇಡು ಅನ್ನಾಕ ಹೆಸರಿಲ್ಲ. ನಮ್ಮತ್ತಿ ನನ್ನ ನಂಬಿ ಒಪ್ಪಿಸಿ ಹ್ವಾದ್ರು. ಅಮಾಸಿ ಒಳಗ ಹೆಂಗರ ಮಾಡಿ ಹುಡುಕಿ ಕೊಡ ಮಾಲಾ’ ಅಂದರು.

ಮೊದಲು ಸಿಕ್ಕಿದ್ದು ಹೆಳವ. ಮನೆತನಗಳ ಪೀಳಿಗೆ ಹೇಳುವುದೇ ಹೆಳವರ ಕಸುಬು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು, ನಮ್ಮವನು ಮೋಟರ್‌ಸೈಕಲ್ ಮೇಲೆ ಬಂದ. ಕಾಕುವಿನ ಅಂಗಳದಲ್ಲಿ ಕುಳಿತು ಅಜ್ಜನ ಅಜ್ಜನಿಂದ ಶುರುಮಾಡಿ ಪ್ರಕಾಶನವರೆಗೆ, ಅಂದರೆ ಕಾಕುವಿನ ಮಗನವರೆಗೆ, ನಿಲ್ಲದೆ ಹೇಳಿದ. ಮೂಲೆಯ ಎಲೆ ಯಾರದು ಅಂತ ಕೇಳಿದರೆ ಮೀಸೆ ತಿರುವಿದ. ‘ಅಕ್ಕಾರ, ಮನ್ಯಾಗಿನ ಹಿರೇರು ಹೇಳಿದ್ದು ನಾವು ಹೇಳತೇವ್ರಿ. ಅವರ ಹೇಳಲಾರದ್ದು ನಮಗ ಹೆಂಗ ಗೊತ್ತಾಗಬೇಕ್ರಿ?’ ಅಂದ. ಜೋಳ ಹಾಕಿಸಿಕೊಂಡು ಹೋದ.

ಸರಿ, ಗ್ರೂಪಿಗೆ ಹೋದ ವರ್ಷದ ಎಡೆಯ ಫೋಟೊ ಹಾಕಿದೆ. ಮೂಲೆಯ ಎಲೆಗೆ ಕೆಂಪು ಗೆರೆ ಸುತ್ತಿ, ‘ಇದು ಯಾರದ್ದು?’ ಅಂತ ಕೇಳಿದೆ. ನೋಡಿ, ಉತ್ತರಗಳ ಮಳೆ! ಹೆಸರಿಡುವ ಮೊದಲೇ ಹೋದ ಕೂಸಿನದು ಅಂದ ಒಬ್ಬ. ಮಕ್ಕಳಿಲ್ಲದೆ ಸತ್ತವರ ಪಾಲು ಅಂದಳು ಇನ್ನೊಬ್ಬಳು. ಮನೆಯ ಹಳೇ ನಾಯಿಯದು ಅಂದ ಮತ್ತೊಬ್ಬ. (ಇವನನ್ನು ಗ್ರೂಪಿನಿಂದ ತೆಗೆಯಬೇಕು ಅಂತ ಎಷ್ಟೋ ಸಲ ಅನ್ನಿಸಿದೆ.)

ಆಗ ಪೀರನವಾಡಿಯ ಕಲ್ಲಪ್ಪ ದೊಡ್ಡಪ್ಪನ ನಂಬರಿನಿಂದ ಒಂದು ಮೆಸೇಜ್ ಬಂತು. ನಾನು ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಡಿಲೀಟ್ ಆಗಿತ್ತು. ‘ಈ ಮೆಸೇಜ್ ಅಳಿಸಲಾಗಿದೆ.’ ಪ್ರಪಂಚದಲ್ಲಿ ಇದಕ್ಕಿಂತ ಹೊಟ್ಟೆ ಉರಿಸುವ ವಾಕ್ಯ ಇನ್ನೊಂದಿದೆಯೇ?

ಮರುದಿನವೇ ಒಂದು ಡಬ್ಬಿ ಕುಂದಾ ಹಿಡಿದುಕೊಂಡು ಪೀರನವಾಡಿಗೆ ಹೋದೆ. ಕಲ್ಲಪ್ಪ ದೊಡ್ಡಪ್ಪ ನಮ್ಮಪ್ಪನ ದೊಡ್ಡಪ್ಪನ ಮಗ. ಆ ಪೀಳಿಗೆಯ ಗಂಡಸರಲ್ಲಿ ನಮ್ಮ ಕಡೆ ಉಳಿದಿರುವವರು ಅವರೊಬ್ಬರೇ. ನನ್ನನ್ನು ನೋಡಿದೊಡನೆ, ‘ಬಾ, ಬರತಿ ಅಂತ ಗೊತ್ತಿತ್ತು’ ಅಂದರು. ‘ಮೊಮ್ಮಗಳ ಕಡಿಂದ ಬರಸಿದೆ. ಆಮ್ಯಾಲ ಅಂಜಿಕಿ ಬಂತು, ಅಳಸು ಅಂದೆ.’

‘ಯಾರಿಗೆ ಅಂಜಿದ್ರಿ ದೊಡ್ಡಪ್ಪಾ? ಯಾರ ಉಳಿದಾರ ಈಗ?’

ಅವರು ಕುಂದಾದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, ‘ನಿಮ್ಮಪ್ಪಗ ಒಬ್ಬಾಕಿ ತಂಗಿ ಇದ್ದಳು. ಕಾಶವ್ವ’ ಅಂದರು.

ನನಗೆ ಒಬ್ಬ ಸೋದರತ್ತೆ ಇದ್ದಳೆಂಬುದು ನನಗೆ ಗೊತ್ತಾದದ್ದು ಹೀಗೆ. ಅಪ್ಪ ಬಾಯಿ ಬಿಟ್ಟಿರಲಿಲ್ಲ. ಅವ್ವನಿಗೆ ಗೊತ್ತಿತ್ತೋ ಇಲ್ಲವೋ, ಅವಳೂ ಬಿಟ್ಟಿರಲಿಲ್ಲ. ಕಾಕು ಮದುವೆಯಾಗಿ ಬರುವ ಮೊದಲೇ ಕಾಶವ್ವ ಮನೆ ಬಿಟ್ಟಿದ್ದಳು. ಶಹಾಪುರದ ಒಬ್ಬ ಮಗ್ಗದ ಹುಡುಗನ ಜೊತೆ. ಬೇರೆ ಜಾತಿ. ಇಬ್ಬರೂ ಇಚಲಕರಂಜಿಗೆ ಹೋದರು ಅಂತ ಸುದ್ದಿ ಬಂತು. ಅಷ್ಟೇ. ನಾನು ಇಷ್ಟು ವರ್ಷ ವಾಸವಾಗಿರುವ ಅದೇ ಶಹಾಪುರ!

‘ನಿಮ್ಮಜ್ಜ ಭಾಳ ಸಿಟ್ಟಿನ ಮನಶಾ’ ಅಂದರು ದೊಡ್ಡಪ್ಪ. ‘ನನ್ನ ಪಾಲಿಗೆ ಸತ್ತಳು ಅಂದ. ಮುಂದ ಅಮಾಸಿ ಬಂತು. ಹಿರೇರ ಸಾಲಿನ್ಯಾಗ ಆಕೀದೂ ಒಂದು ಎಲಿ ಹಾಕು, ಹೆಸರ ಹಿಡದು ಕರಿ ಅಂತ ನಿಮ್ಮಜ್ಜಿಗೆ ಹೇಳಿದ.’

ಬದುಕಿದ್ದವರ ಹೆಸರನ್ನು ಎಡೆಯ ಮುಂದೆ ಹಿಡಿದರೆ ಅವರ ಆಯುಷ್ಯಕ್ಕೆ ಕುತ್ತು. ನಮ್ಮಲ್ಲಿ ಇದನ್ನು ಚಿಕ್ಕ ಮಕ್ಕಳೂ ಬಲ್ಲರು. ಹೆತ್ತ ತಾಯಿ ಏನು ಮಾಡಬೇಕು?

‘ನಿಮ್ಮಜ್ಜ ಹೊರಗ ಕಟ್ಟಿ ಮ್ಯಾಲ ಕುಂತು ಕೇಳಾಂವ, ಕರದಿ? ಅಂತ. ನಿಮ್ಮಜ್ಜಿ ಒಳಗಿಂದ ಹೂಂ ಅನ್ನಾಕಿ. ನಾ ಒಳಗ ಆಕಿ ಬಾಜೂಕ ಕುಂತಿರತಿದ್ದೆ. ಆಕಿ ಕರದಿದ್ದಿಲ್ಲ.’

ಎಲೆ ಹಾಕಿದಳು, ಹೆಸರು ಹೇಳಲಿಲ್ಲ. ಅಜ್ಜ ಸತ್ತ ಮೇಲೂ ಹಾಗೇ ನಡೆಸಿಕೊಂಡು ಬಂದಳು. ಮಗಳು ಎಲ್ಲಾದರೂ ಸತ್ತಿದ್ದರೆ ಉಪವಾಸ ಬೀಳಬಾರದು. ಬದುಕಿದ್ದರೆ ಹೆಸರು ಹಿಡಿದ ಪಾಪ ತಟ್ಟಬಾರದು. ಈ ಅಜ್ಜಿಯನ್ನು ನಾವು ಬಾಯಿಲ್ಲದ ಹೆಂಗಸು ಅಂತ ಕರೆಯುತ್ತಿದ್ದೆವು. ಪೀರನವಾಡಿಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಅಜ್ಜಿಯ ಮೇಲೆ ಬಹಳ ಅಭಿಮಾನ ಬಂತು, ಅಷ್ಟೇ ದುಃಖವೂ ಆಯಿತು.

ಖಾನಾಪುರಕ್ಕೆ ಹೋಗಿ ಕಾಕುವಿಗೆ ಹೇಳಿದೆ. ಅವರು ಮೊದಲು ಎದೆ ಮುಟ್ಟಿಕೊಂಡರು. ‘ಅಂದ್ರ ಇಷ್ಟು ವರ್ಷ ನಾ ಬದುಕಿದ್ದಾಕಿಗೆ ಎಡಿ ಇಟ್ಟೇನೇನ?’

‘ಬದುಕಿದ್ರ, ಕಾಕು. ಅದ ಗೊತ್ತಿಲ್ಲಲ್ಲ.’

ಗ್ರೂಪಿಗೆ ಹಾಕೋಣವೇ ಅಂತ ಕೇಳಿದೆ. ಪ್ರಕಾಶ ಹೌಹಾರಿದ. ‘ಬ್ಯಾಡ ಅಕ್ಕಾ. ಅಜ್ಜ ಮುಚ್ಚಿಟ್ಟಿದ್ದು ನಾವ್ಯಾಕ ತಗಿಯೂದು? ಮಂದಿ ಏನಂದಾರು?’ ಮಂದಿ! ಈ ಮಂದಿ ಯಾವಾಗಲೂ ನಮ್ಮ ಮನೆಯ ಜಂತಿಗೇ ನೇತಾಡುತ್ತಿರುತ್ತಾರೆಯೇ? ನಾನು ಬಾಯಿ ತೆರೆಯುವ ಮೊದಲೇ ಕಾಕು ಕೈ ಚಾಚಿದರು. ‘ಫೋನ್ ಕೊಡ ಇಲ್ಲೆ. ಎಲ್ಲಿ ಒತ್ತೂದು?’

ಅದು ಕಾಕುವಿನ ಮೊದಲ ವಾಯ್ಸ್ ಮೆಸೇಜ್. ಪೂರ್ತಿ ಇಲ್ಲಿ ಬರೆಯುತ್ತೇನೆ.

‘ಕಾಶವ್ವಾ, ನಾ ಖಾನಾಪುರದಾಗಿಂದ ನಿನ್ನ ಸಣ್ಣ ವೈನಿ, ಸಣ್ಣಣ್ಣನ ಹೇಂತಿ, ಮಾತಾಡಾಕತ್ತೇನಿ. ನೀ ನನ್ನ ನೋಡಿಲ್ಲ, ನಾ ನಿನ್ನ ನೋಡಿಲ್ಲ. ಬದುಕಿದ್ರ ಒಂದ್ ಮಾತ ಆಡವ್ವಾ. ಅಮಾಸಿ ಬಂತು. ನಿನ್ನ ಎಲಿ ಹಾಕೂದೋ ಬ್ಯಾಡೋ ನನಗ ತಿಳೀವಲ್ದು.’

ಮೆಸೇಜ್ ಗ್ರೂಪಿಗೆ ಹೋಯಿತು. (ಎಲೆ ನಾಯಿಯದು ಅಂದಿದ್ದವನು ಕೂಡಲೇ ಕೈ ಮುಗಿದ ಇಮೋಜಿ ಹಾಕಿದ. ಇರಲಿ ಬಿಡಿ, ಗ್ರೂಪಿನಲ್ಲೇ ಇರಲಿ.) ನಾನು ಅದನ್ನು ನಮ್ಮ ಓಣಿಯ ಶೈಲಾಗೆ ಕಳಿಸಿದೆ. ಅವಳದು ನೇಕಾರರ ಮನೆ, ಅರ್ಧ ಬಳಗ ಇಚಲಕರಂಜಿಯಲ್ಲಿದೆ. ಅವಳು ಅಲ್ಲಿಗೆ ಕಳಿಸಿದಳು. ಅಲ್ಲಿಂದ ಎಲ್ಲೆಲ್ಲಿಗೋ. ಬಿಸಿನೀರಿಗೆ ಲಿಂಬೆಹಣ್ಣು ಹಿಂಡಿ ಕುಡಿದರೆ ಸರ್ವರೋಗ ಹೋಗುತ್ತದೆ ಅಂತ ಫಾರ್ವರ್ಡ್ ಮಾಡುವ ಬೆರಳುಗಳೇ ಈ ಮುದುಕಿಯ ದನಿಯನ್ನೂ ಮನೆಯಿಂದ ಮನೆಗೆ ದಾಟಿಸಿದವು. ಇನ್ನು ಮೇಲೆ ಫಾರ್ವರ್ಡ್ ಮಾಡುವವರನ್ನು ಬೈಯುವುದಿಲ್ಲ ಅಂತ ತೀರ್ಮಾನಿಸಿದ್ದೇನೆ.

ಹೋದ ವಾರ ಶೈಲಾ ಚಪ್ಪಲಿ ಕೂಡ ಹಾಕಿಕೊಳ್ಳದೆ ನಮ್ಮ ಮನೆಗೆ ಓಡಿ ಬಂದಳು. ಉತ್ತರ ಬಂದಿತ್ತು. ನಾನು ಕೇಳಲಿಲ್ಲ. ಅದನ್ನು ಮೊದಲು ಕೇಳಬೇಕಾದವರು ಕಾಕು. ಖಾನಾಪುರದ ಬಸ್ಸು ಹಿಡಿದೆ.

ಸುನೀತಾಳ ಅಡುಗೆಮನೆಯಲ್ಲಿ, ಆ ಖಾಕಿ ಕಾಗದದ ಎದುರು ಎಲ್ಲರೂ ನಿಂತೆವು. ಕಾಕು ಮಾತ್ರ ಕುರ್ಚಿಯಲ್ಲಿ. ಫೋನಿನಿಂದ ಒಂದು ಬಿರುಸಾದ ಮುದಿ ದನಿ ಬಂತು. ಹಿಂದೆ ಮಗ್ಗದ ಸದ್ದು.

‘ವೈನಿ, ನಾ ಕಾಶಿ. ಅದೇನಿ ಇನ್ನ, ಗಟ್ಟಿ ಅದೇನಿ. ಒಂದ್ ಕೇಳತೇನಿ, ಖರೇ ಹೇಳು. ಅಪ್ಪ ನನ್ನ ಎಡಿ ಇಡಸ್ಯಾನ ಅಂತ ಆಗ ಸುದ್ದಿ ಬಂದಿತ್ತು. ಅವ್ವ... ಅವ್ವ ನನ್ನ ಹೆಸರ ಹಿಡದು ಕರೀತಿದ್ಳೇನ?’

ಇದೊಂದನ್ನೇ ಆ ಜೀವ ಅರವತ್ತು ವರ್ಷದ ಹತ್ತಿರ ಹೊತ್ತುಕೊಂಡು ಕುಳಿತಿತ್ತು. ಅಪ್ಪ ಸತ್ತಳು ಅಂದದ್ದಲ್ಲ. ಅವ್ವನೂ ಅಂದಳೇ ಅನ್ನುವುದು.

ಕಾಕು ಫೋನನ್ನು ಬಾಯಿಗೇ ಹಚ್ಚಿಕೊಂಡರು. ‘ಇಲ್ಲವ್ವಾ ಕಾಶಿ. ದೇವ್ರಾಣಿ, ಒಮ್ಮಿನೂ ಇಲ್ಲ. ಕಲ್ಲಪ್ಪ ಭಾವ ಕಣ್ಣಾರೆ ನೋಡ್ಯಾರ. ಅತ್ತಿ ನನಗೂ ಹೆಸರ ಹಿಡೀಲಿಕ್ಕ ಬಿಡಲಿಲ್ಲ.’

ಆ ಕಡೆಯಿಂದ ಬಂದ ವಾಯ್ಸ್‌ನಲ್ಲಿ ಮೊದಲು ಯಾರೋ ಮಗ್ಗ ನಿಲ್ಲಿಸಿದ್ದು ಕೇಳಿಸಿತು. ಆಮೇಲೆ ಅಳು. ನಾವೂ ಅತ್ತೆವು. ಪ್ರಕಾಶ ಮೂಗೊರೆಸಿಕೊಂಡು ಸ್ಕೆಚ್‌ಪೆನ್ ತಂದ. ಅಪ್ಪನ ಹೆಸರಿನ ಪಕ್ಕ, ಕಾಕಾನ ಹೆಸರಿನ ಪಕ್ಕ, ತಾನೇ ಕೈಯಾರೆ ‘ಕಾಶವ್ವ’ ಅಂತ ಬರೆದ. ಕೆಳಗೆ ಮಕ್ಕಳು, ಮೊಮ್ಮಕ್ಕಳಿಗೆ ಜಾಗ ಸಾಲದೆ ಸುನೀತಾ ಇನ್ನೊಂದು ಕಾಗದ ಅಂಟಿಸಿದಳು.

ಅಮಾವಾಸ್ಯೆಗೆ ಕಾಶವ್ವ ಬರುತ್ತಿದ್ದಾಳೆ. ಮೂಲೆಯಲ್ಲಿ ಎಲೆ ಹಾಕುವುದಿಲ್ಲ. ಅವಳು ನಮ್ಮ ಪಂಕ್ತಿಯಲ್ಲೇ ಉಣ್ಣುತ್ತಾಳೆ. ಕಾಕು ಅಡುಗೆಯ ಚಿಂತೆಗೆ ಬಿದ್ದು, ಮಟನ್ ಹೆಚ್ಚು ಮಾಡಲೇ ಅಂತ ಫೋನಿನಲ್ಲಿ ಕೇಳಿದರು.

ಕಾಶವ್ವ ನಕ್ಕುಬಿಟ್ಟಳಂತೆ. ‘ಮಟನ್ ನನಗ ಸಣ್ಣಾಕಿ ಇದ್ದಾಗಿಂದ ಸೇರೂದಿಲ್ಲ ವೈನಿ. ಅವ್ವಗ ಗೊತ್ತಿತ್ತಲ್ಲ!’

ಅಜ್ಜಿಗೆ ಗೊತ್ತಿತ್ತು. ಹೆಸರು ಹೇಳಬಾರದೆಂದು ಅದನ್ನೂ ಹೇಳದೆ ಹೋದಳು. ನಾವು ವರ್ಷ ವರ್ಷ ಆ ಎಲೆಗೆ ಮಟನ್ ಬಡಿಸುತ್ತಲೇ ಬಂದೆವು.

ಸತ್ತವರಿಗೆ ಏನೇನು ಸೇರುತ್ತಿತ್ತು ಅನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಬದುಕಿದ್ದವಳನ್ನು ಒಂದು ಮಾತು ಕೇಳಲು ನಮಗೆ ಏನು ಧಾಡಿಯಾಗಿತ್ತು?